ಒಳಜೇಬು

ಆ ಲಂಗ ಇತ್ತ ಕೊಡು, ಬೋಣಿ.
ದಾವಣಗೆರೆ ಟೈಲರ್ ಹಾಕಿದ ಜೇಬು
ಮೂರು ಬೆರಳು ಮೇಲೈತೆ.
ಕೈ ಹಾಕಿದರೆ ಸಂತೆಗೆಲ್ಲ ಕಾಣ್ತೈತೆ.
ಮೊಬೈಲ್ ಇಡೋಕೆ ಅಂದ್ಕೊಂಡ, ಪಾಪ.

ಸೂಜಿಗೆ ದಾರ ನೀನೇ ಪೋಣಿಸು.
ನನ್ನ ಅರ್ಧ ಕಣ್ಣು ಲಿಬ್ರೆವಿಲ್‌ನ ಬಿಸಿಲಲ್ಲೇ ಉಳೀತು.
ದಾರ ಎರಡೆಳೆ ಇರಲಿ, ಕೊನೆಗೆ
ನಿಮ್ಮಜ್ಜ ಬಲೆಗೆ ಹಾಕ್ತಿದ್ದ ಗಂಟು—
ಎಳೆದಷ್ಟೂ ಬಿಗಿಯೋದು.

ಪಾಸ್‌ಪೋರ್ಟು ಇಲ್ಲಿ, ಹೊಕ್ಕಳ ಕೆಳಗೆ.
ಜೆರಾಕ್ಸು ಒಂದು ಎಣ್ಣೆ ಡಬ್ಬದ ತಳದಲ್ಲಿ,
ಒಂದು ನನ್ನ ಟ್ರಂಕಿನಲ್ಲಿ, ಕಾಪಾಡ್ತೀನಿ.
ಹಳದಿ ಜ್ವರದ ಕಾರ್ಡು ಮಾತ್ರ ಕೈಗೆ ಸಿಗೋ ಹಾಗಿಟ್ಕೋ,
ಅದನ್ನ ಯಾವ ಕಳ್ಳನೂ ಮುಟ್ಟಲ್ಲ,
ಅದಿಲ್ಲದೆ ಯಾವ ಬಾಗಿಲೂ ತೆಗೆಯಲ್ಲ.

ದುಡ್ಡು ಒಂದೇ ಕಡೆ ಬೇಡ.
ಒಂದೇ ಗೂಡಲ್ಲಿ ಮೊಟ್ಟೆ ಇಟ್ಟ ಹಕ್ಕೀನ
ಹಾವು ಒಂದೇ ಸಲಕ್ಕೆ ಗೆಲ್ತೈತೆ.

ನನ್ನ ಮೊದಲ ವರ್ಷದ್ದು ನಿನಗೆ ಹೇಳಿಲ್ಲ.
ದೊಡ್ಡ ಮಾರ್ಕೆಟ್ಟು. ತಲೆಗೂದಲ ಎಣ್ಣೆ, ಹನ್ನೆರಡು ಬಾಟಲಿ ಖಾಲಿ,
ಸೊಂಟದ ಚೀಲ ಬಸುರಿ ಥರ ಉಬ್ಬಿತ್ತು.
ಒಬ್ಬ ಹುಡುಗ ಹೆಗಲ ಮೇಲೆ ಟೊಮೇಟೊ ರಸ ಚೆಲ್ಲಿದ.
ಒಬ್ಬಳು ಓಡಿ ಬಂದು ಒರೆಸಿದಳು,
ಅಯ್ಯೋ ಅಂದಳು ಅವಳ ಭಾಷೇಲಿ.
ನಾನು ಮೆರ್ಸಿ ಅಂದೆ, ಎರಡು ಸಲ ಅಂದೆ.
ಆಮೇಲೆ ಸೊಂಟ ಹಗುರಾಗಿತ್ತು.

ಗೋಡೆಗೆ ಒರಗಿ ಕೂತಾಗ ನೆನಪಾಯ್ತು:
ನಿಮ್ಮಜ್ಜ ಈ ಕಡೆ ಪೊದೆ ಬಡೀತಿದ್ದ,
ಅಜ್ಜಿ ಆ ಕಡೆ ಬಲೆ ಹಿಡಿದು ಕುಕ್ಕರುಗಾಲಲ್ಲಿ.
ಗೌಜಲಕ್ಕಿ ಸದ್ದಿಗೆ ಹೆದರಿ ಓಡೋದು
ಸೀದಾ ಅಜ್ಜಿಯ ಮಡಿಲಿಗೆ.
ನಗು ಬಂತು ಕಣೆ. ಅಷ್ಟು ದೂರ ಹೋಗಿ
ನಮ್ಮದೇ ವಿದ್ಯೆಗೆ ಬಿದ್ದಿದ್ದೆ.

ಬಾಳೆಕಾಯಿ ಕರಿಯೋ ಸೊಲಾಂಜ್ ಅಂತ ಒಬ್ಬಳು
ಒಂಬತ್ತು ದಿನ ಸಾಲ ಬರೀದೆ ಊಟ ಹಾಕಿದಳು.
ಇಗೋ ಈ ಬಳೆ, ಅವಳಿಗೆ ಕೊಡು.
ಇದನ್ನ ಬಚ್ಚಿಡಬೇಡ, ತೊಟ್ಕೊಂಡೇ ಹೋಗು,
ಗಾಜಿನದ್ದು.

ಇನ್ನೊಂದು ಮಾತು. ಸೂಜಿ ಕೆಳಗಿಡು.
ಚನ್ನಗಿರಿ ಸಂತೇಲಿ ನಾವು ಹತ್ತಿರ ಹೋದ್ರೆ ಸಾಕು,
ಜನ ತಮ್ಮ ಚೀಲ ತಡವಿ ನೋಡ್ಕೊಳ್ತಿದ್ರು.
ಒಬ್ಬ ಯಜಮಾನ ನನ್ನ ಕೈಲಿ ಸೂಜಿ ದಬ್ಬಣ ಕೊಂಡು
ಚಿಲ್ಲರೆ ಎಣಿಸೋವಾಗ ಬೆನ್ನು ತಿರುಗಿಸ್ತಿದ್ದ.
ಆಗ ನನಗೆ ಏಳು ವರ್ಷ.
ಅವನ ಬೆನ್ನಿನ ಅಂಗಿ ಹೊಲಿಗೆ ಬಿಟ್ಟಿತ್ತು, ಇನ್ನೂ ಕಣ್ಣಲ್ಲಿದೆ.

ಅದಕ್ಕೇ ಹೇಳ್ತೀನಿ.
ಜನ ಹೆಚ್ಚಾದಾಗ ಜೇಬು ಮುಟ್ಕೋ,
ಯಾರದೋ ಮುಖ ನೋಡಿ ಮುಟ್ಕೋಬೇಡ.
ಗದ್ದಲಕ್ಕೆ ಹೆದರು, ಬಣ್ಣಕ್ಕಲ್ಲ.
ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿಡು,
ಬೆಳಗ್ಗೆ ಪಕ್ಕದ ಮನೆಯೋಳಿಗೆ ಮೊದಲು ನಮಸ್ಕಾರ ನೀನೇ ಹೇಳು.
ಎರಡೂ ಬೀಗವೇ.

ಆಫೀಸರ್ ಹೆಸರು ಕೇಳಿ ನಕ್ಕರೆ ನಗಲಿ.
ನೀನು ಹುಟ್ಟಿದ ದಿನ ಸಂತೇಲಿ ಮೊದಲ ಗಿರಾಕಿ
ನಿಮ್ಮಮ್ಮನ ಸರ ಕೊಂಡಿದ್ದಕ್ಕೆ ಇಟ್ಟ ಹೆಸರು.
ಕಳೆದು ಹೋದರೂ ಅದಕ್ಕೆ ಡೂಪ್ಲಿಕೇಟ್ ಬೇಡ.

ಆಯ್ತು, ದಾರ ಕಚ್ಚು.
ಉಟ್ಕೊಂಡು ಬಾಗಿಲ ತನಕ ನಡೆದು ತೋರಿಸು.

ನೋಡು, ನೋಡು, ಕೈ ಅಲ್ಲಿಗೇ ಹೋಗ್ತೈತೆ!
ಬಚ್ಚಿಟ್ಟಿದ್ದನ್ನ ಕೈಯೇ ಚಾಡಿ ಹೇಳ್ತೈತೆ.
ಸೂಳೆಕೆರೆ ದಂಡೇಲಿ ಟಿಟ್ಟಿಭ ನೋಡಿಲ್ವಾ,
ಮೊಟ್ಟೆ ಇಲ್ಲಿಟ್ಟು ಎಲ್ಲೋ ದೂರ
ಪ್ರಾಣ ಹೋದ ಹಾಗೆ ಕೂಗ್ತೈತೆ.
ಕೈ ಬೀಸು. ಪಲ್ಲಕ್ಕಿ ನೋಡೋಕೆ ಹೊರಟಂಗೆ ನಡಿ.

ಊಹೂಂ.
ಇನ್ನೊಂದ್ಸಲ.